ಒಂದು ಬದಿ ಆಯ್ತು

ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಬಂಟ್ವಾಳ ಪೇಟೆಯ ನನ್ನ ಅಂಗಡಿಯಲ್ಲಿ ಒಬ್ಬರಿಗೆ ಕಪ್ಪು ಪೈಪು ಅಳೆದು ಕೊಡುತ್ತಿದ್ದೆ. ಅಳತೆ ತಪ್ಪಿತು. ಮೊದಲಿನಿಂದ ಅಳೆದೆ, ಮತ್ತೆ ತಪ್ಪಿತು. ಗಿರಾಕಿಗೆ ಸಿಟ್ಟು ಬಂದು ಪೈಪಿನ ಸುರುಳಿಯನ್ನು ತಾನೇ ಬಿಡಿಸಿ ಅಳೆದುಕೊಂಡ. ದುಃಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ದುಃಖಕ್ಕಿಂತ ಮೊದಲು ಬಂದದ್ದು ಗಲಿಬಿಲಿ. ಅವರು ನಮ್ಮೂರಿನ ಸಭೆಯಲ್ಲಿ ಒಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗಿದ್ದರು. ಎರಡು ವರ್ಷದಿಂದ ನಾನು ಉಳಿದರ್ಧಕ್ಕೆ ಕಾಯುತ್ತಿದ್ದೆ. ಇನ್ನು ಯಾರನ್ನು ಕೇಳುವುದು?

ಸರ್ ಬೆಳ್ತಂಗಡಿ ಕಡೆಯ ಜೈನರು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಲು ಬಂದು, ನಿವೃತ್ತಿಯಾದ ಮೇಲೂ ಅಲ್ಲೇ ನಿಂತವರು. ಪಿಯುಸಿಯಲ್ಲಿ ನನಗೆ ಕಲಿಸಿದವರು. ನಾನು ಭೌತಶಾಸ್ತ್ರದಲ್ಲಿ ಹೇಗೆ ಪಾಸಾದೆ ಎಂಬುದು ಭೌತಶಾಸ್ತ್ರಕ್ಕೂ ಗೊತ್ತಿಲ್ಲ. ಉದ್ದಕ್ಕೆ, ತೆಳ್ಳಗೆ ಇದ್ದರು. ಅಂಗಿಯ ಕಾಲರಿಗೆ ಹಿಂದಿನಿಂದ ಕೊಡೆ ನೇತು ಹಾಕಿಕೊಳ್ಳುವುದು ನಮ್ಮ ಕಡೆ ಹಳಬರ ಅಭ್ಯಾಸ. ಆದರೆ ತರಗತಿಯ ಒಳಗೆ, ಕಪ್ಪುಹಲಗೆಯ ಮೇಲೆ ಬರೆಯುವಾಗಲೂ ಅದು ಬೆನ್ನ ಮೇಲೆಯೇ ಇರುತ್ತಿದ್ದುದನ್ನು ನಾನು ಅವರೊಬ್ಬರಲ್ಲೇ ಕಂಡದ್ದು. ಒಮ್ಮೆ ಯಾರೋ ಕೇಳಿದ್ದಕ್ಕೆ, ಕೊಡೆ ಕೆಳಗಿಟ್ಟರೆ ಮರೆತು ಹೋಗ್ತದೆ ಎಂದರು. ಸ್ವಲ್ಪ ಹೊತ್ತು ಬರೆದು, ಬೆನ್ನಲ್ಲಿದ್ದರೂ ಮರೆತು ಹೋಗ್ತದೆ, ಆದರೆ ಆಗ ಅದು ನಮ್ಮ ಜೊತೆಯೇ ಬರ್ತದೆ ಎಂದು ಸೇರಿಸಿದರು.

ಅವರು ಆಡುವ ಯಾವ ಮಾತಿಗೂ ಎರಡು ಬದಿ ಇರುತ್ತಿತ್ತು. ಮೊದಲು ಒಂದು ವಿಷಯದ ಪರವಾಗಿ ವಾದಿಸುತ್ತಿದ್ದರು. ನಾವೆಲ್ಲ ಹೌದು, ಇದೇ ಸತ್ಯ ಎಂದು ತಲೆಯಾಡಿಸುವ ತನಕ ಬಿಡುತ್ತಿರಲಿಲ್ಲ. ತಲೆಯಾಡಿಸಿದ ಕೂಡಲೇ ಸೀಮೆಸುಣ್ಣ ಕೆಳಗಿಟ್ಟು, "ಒಂದು ಬದಿ ಆಯ್ತು" ಎನ್ನುತ್ತಿದ್ದರು. ಆಮೇಲೆ ಅಷ್ಟೇ ಶ್ರದ್ಧೆಯಿಂದ ಇನ್ನೊಂದು ಬದಿ. ಇನ್ನೊಂದು ಬದಿ ಮುಗಿಯುವ ಮೊದಲು ಬೆಲ್ಲು ಹೊಡೆಯಿತೋ, ನಮ್ಮ ಗತಿ ಗೋವಿಂದ. ಮರುದಿನ ಅವರು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು, ನಾವು ಮಾತ್ರ ರಾತ್ರಿಯಿಡೀ ಒಂದೇ ಬದಿಯನ್ನು ನಂಬಿ ಮಲಗಿರುತ್ತಿದ್ದೆವು.

ಕರೆಂಟಿನ ಪಾಠ ನೆನಪಿದೆ. ಮರದ ಮಿಲ್ಲಿನಿಂದ ಇಬ್ಬರು ಹಿಡಿದು ಕೊಯ್ಯುವ ಹಳೆಯ ಗರಗಸವೊಂದನ್ನು ತರಿಸಿದ್ದರು. ಮೇಜಿನ ಮೇಲೆ ಒಂದು ಮರದ ತುಂಡು. ಗರಗಸದ ಒಂದು ತುದಿ ನನ್ನ ಕೈಗೆ, ಇನ್ನೊಂದು ತುದಿ ಗದಗದ ಕಡೆಯಿಂದ ಹಾಸ್ಟೆಲಿಗೆ ಬಂದಿದ್ದ ಒಬ್ಬನ ಕೈಗೆ. ಅವನು ಎಳೆದ, ನಾನು ಎಳೆದೆ, ಅವನು ಎಳೆದ. ಗರಗಸ ಎಲ್ಲಿಗೆ ಹೋಯ್ತು ಎಂದು ಸರ್ ಕೇಳಿದರು. ಎಲ್ಲಿಗೂ ಹೋಗಿಲ್ಲ ಸಾರ್ ಎಂದೆ. ಹಾಗಾದರೆ ಮರ ಎಲ್ಲಿಗೆ ಹೋಯ್ತು ಎಂದರು. ಅಷ್ಟರಲ್ಲಿ ಅದು ತುಂಡಾಗಿ ನನ್ನ ಕಾಲ ಮೇಲೆ ಬಿದ್ದಿತ್ತು.

"ಇದು ಎ.ಸಿ. ಕರೆಂಟು. ಹೋಗ್ತದೆ, ಬರ್ತದೆ. ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ, ಆದರೆ ಕೆಲಸ ಆಗ್ತದೆ. ಡಿ.ಸಿ. ಅಂದರೆ ತೋಡಿನ ನೀರು. ಹೋದದ್ದು ಹೋಯ್ತು, ತಿರುಗಿ ಬರುವುದಿಲ್ಲ."

ಇವೆರಡರಲ್ಲಿ ಯಾವುದು ಒಳ್ಳೆಯದು ಎಂದು ಗದಗದವನು ಕೇಳಿದ. ಅದಕ್ಕೆ ಸರ್ ಪೂರ್ತಿ ಒಂದು ವಾರ ತೆಗೆದುಕೊಂಡರು. ಕೊನೆಗೆ ನಮಗೆ ಅರ್ಥವಾದದ್ದು ಇಷ್ಟು: ಎಷ್ಟು ದೂರ ಎಂದು ಕೇಳದೆ ಯಾವುದು ಒಳ್ಳೆಯದು ಎಂದು ಕೇಳಬಾರದು. ಎ.ಸಿ. ನಮ್ಮ ಸರ್ವಿಸ್ ಬಸ್ಸಿನ ಹಾಗೆ, ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವಾಗ ಸಿದ್ಧಕಟ್ಟೆಯಲ್ಲೂ ನಿಲ್ಲುತ್ತದೆ, ಕೈ ಹಿಡಿದಲ್ಲೆಲ್ಲ ನಿಲ್ಲುತ್ತದೆ. ಅದರ ಒತ್ತಡವನ್ನು ಏರಿಸುವುದು, ಇಳಿಸುವುದು ಸುಲಭ. ಡಿ.ಸಿ. ರಾತ್ರಿ ಹೊರಟು ಬೆಳಿಗ್ಗೆ ಬೇರೆ ರಾಜ್ಯದಲ್ಲಿ ಇಳಿಸುವ ಬಸ್ಸು. ದಾರಿಯಲ್ಲಿ ಸೋರುವುದು ಕಡಿಮೆ, ಆದರೆ ಹತ್ತುವಲ್ಲಿ ಒಂದು, ಇಳಿಯುವಲ್ಲಿ ಒಂದು ಭಾರೀ ನಿಲ್ದಾಣ ಕಟ್ಟಬೇಕು. ಸಿದ್ಧಕಟ್ಟೆಗೆ ಹೋಗುವವನು ಆ ಬಸ್ಸು ಹತ್ತಿ ಪ್ರಯೋಜನವಿಲ್ಲ.

ಅವರಿಗೆ ದೇವರು ದಿಂಡರಲ್ಲಿ ನಂಬಿಕೆ ಇತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಬಸದಿಗೆ ಹೋಗ್ತೀರಾ ಸಾರ್ ಎಂದು ಒಮ್ಮೆ ಕೇಳಿದ್ದೆ. ಹೆಂಡತಿ ಒಳಗೆ ಹೋಗ್ತಾಳೆ, ನಾನು ಹೊರಗೆ ಚಪ್ಪಲಿ ಕಾಯ್ತೇನೆ ಎಂದಿದ್ದರು. ಆದರೆ ಸೂರ್ಯ ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕುತ್ತಿರಲಿಲ್ಲ. ಮದುವೆಯಿರಲಿ, ಬೀಳ್ಕೊಡುಗೆಯಿರಲಿ, ಬಿಸಿಲು ಹಳದಿಯಾದದ್ದು ಕಂಡರೆ ಸಾಕು, ಆಡುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು ಮನೆಗೆ ಹೊರಡುತ್ತಿದ್ದರು. ಅದು ನಂಬಿಕೆಯೋ ಎಂದರೆ ಅಲ್ಲ, ಅಭ್ಯಾಸ ಎನ್ನುತ್ತಿದ್ದರು. ಕತ್ತಲೆಯಲ್ಲಿ ಊಟಕ್ಕೆ ಹುಳ ಬೀಳಬಾರದು ಎಂದು ಹಿರಿಯರು ಮಾಡಿಕೊಂಡದ್ದಂತೆ. ಈಗ ಬಲ್ಬು ಉಂಟಲ್ಲ ಸಾರ್ ಎಂದೆ.

"ಬಲ್ಬಿಗೇ ಮಾರಾಯ ಹುಳ ಬರುವುದು" ಎಂದರು.

ನಿವೃತ್ತಿಯ ಮೇಲೆ ಆಗಾಗ ನನ್ನ ಅಂಗಡಿಗೆ ಬರುತ್ತಿದ್ದರು. ನಾನು ಪಂಪ್‌ಸೆಟ್ಟು, ಪೈಪು ಮಾರುವವನು. ಬಸ್ಸಿಳಿದು ಬಂದು, ಪಂಪುಗಳ ರಟ್ಟಿನ ಪೆಟ್ಟಿಗೆಗಳ ನಡುವೆ ಸ್ಟೂಲು ಎಳೆದು ಕೂತರೆ ನನಗೆ ಸಂತೋಷವೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಒಂದು ದಿನ ಯಾರೋ ಒಬ್ಬರು ಪಂಪು ಕೊಳ್ಳಲು ಬಂದಿದ್ದರು. ಸರ್ ಕೇಳದೆಯೇ ಆ ಪಂಪಿನ ದೋಷಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿದರು. "ಒಂದು ಬದಿ ಆಯ್ತು" ಎಂದು ತಲೆಯೆತ್ತಿ ನೋಡುವಾಗ ಗಿರಾಕಿ ರಸ್ತೆಯ ಆಚೆ ಬದಿಯಲ್ಲಿದ್ದ. ಉಳಿದ ಬದಿಯನ್ನು, ಅಂದರೆ ಆ ಪಂಪಿನ ಗುಣಗಳನ್ನು, ನನಗೊಬ್ಬನಿಗೇ ಹೇಳಿದರು. ಜನರಿಗೆ ಯಾಕೆ ಪೂರ್ತಿ ಕೇಳುವ ತಾಳ್ಮೆ ಇಲ್ಲ ಎಂದು ಅವರು ನಿಜವಾಗಿ ಬೇಸರ ಮಾಡಿಕೊಂಡರು. ಆ ಬೇಸರ ಕಂಡು ಬೈಯಲು ಮನಸ್ಸಾಗಲಿಲ್ಲ.

ಹೀಗಿರುವಾಗ ದೊಡ್ಡ ಲೈನಿನ ಸುದ್ದಿ ಬಂತು.

ನಮ್ಮ ಮೂಲ ಮನೆ ಇರುವುದು ಸಿದ್ಧಕಟ್ಟೆಯ ಹತ್ತಿರ. ನಮ್ಮದು ಅಮ್ಮನ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ಕುಟುಂಬ, ಹಾಗಾಗಿ ಮನೆಯ ಯಜಮಾನಿಕೆ ನನ್ನ ಸೋದರಮಾವನದು. ಮನೆಯ ಎದುರಿಗೆ ದೊಡ್ಡ ಗದ್ದೆ, ಅದಕ್ಕೆ ನಮ್ಮಲ್ಲಿ ಬಾಕಿಮಾರು ಎನ್ನುತ್ತಾರೆ. ಊರಿನ ಗದ್ದೆಗಳೆಲ್ಲ ರಬ್ಬರು, ಅಡಿಕೆ ಎಂದು ಬದಲಾದರೂ ಮಾವ ಅದೊಂದರಲ್ಲಿ ಭತ್ತ ಬಿಟ್ಟಿರಲಿಲ್ಲ. ಲಾಭವಿಲ್ಲ ಎಂದರೆ, ಬಾಕಿಮಾರು ಹಸುರಾಗಿರದ ಮನೆಗೆ ಹೆಣ್ಣು ಕೊಡುವವರಿಲ್ಲ ಎನ್ನುತ್ತಿದ್ದರು. ಮನೆಯಲ್ಲಿ ಮದುವೆಗೆ ಉಳಿದವರು ಯಾರೂ ಇರಲಿಲ್ಲ, ಅದು ಬೇರೆ ಮಾತು. ಗದ್ದೆಯ ಆಚೆ ತುದಿಯಲ್ಲಿ, ರಸ್ತೆಯನ್ನು ತಾಗಿಕೊಂಡು, ನಮ್ಮ ನಾಗಬನ. ಮುರಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ನಾಗನ ಕಲ್ಲುಗಳು, ಮೇಲಿನಿಂದ ರೆಂಜೆ, ಹೊನ್ನೆ, ಹೆಸರು ಗೊತ್ತಿಲ್ಲದ ಬಳ್ಳಿಗಳು. ಆ ಮರಗಳಿಗೆ ಕತ್ತಿ ತಾಗಿಸಿದವರಿಲ್ಲ. ಗಾಳಿಗೆ ಕೊಂಬೆ ಮುರಿದು ಬಿದ್ದರೆ ಅಲ್ಲೇ ಕೊಳೆಯಬೇಕೇ ಹೊರತು ಒಲೆಗೆ ತರುವಂತಿಲ್ಲ.

ಒಂದು ಬೆಳಿಗ್ಗೆ ಸರ್ವೆಯವರು ಬಂದು ರಸ್ತೆ ಬದಿಯ ಕಲ್ಲುಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಭಾರೀ ಒತ್ತಡದ ವಿದ್ಯುತ್ ಲೈನು ಊರಿನ ಮೇಲಿನಿಂದ ಹಾದು ಹೋಗುವುದಂತೆ. ಗುರುತು ಹಿಡಿದು ನೋಡಿದರೆ ತಂತಿ ಸರಿಯಾಗಿ ಬನದ ನೆತ್ತಿಯ ಮೇಲೆ. ತಂತಿಯ ಕೆಳಗೆ ಎತ್ತರದ ಮರ ಇರಬಾರದು, ಕಡಿಯಲೇಬೇಕು. ಬದಿಗೆ ಸರಿಸಿ ಎಂದರೆ ಒಂದು ಕಡೆ ಶಾಲೆ, ಇನ್ನೊಂದು ಕಡೆ ಮನೆಗಳ ಸಾಲು. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಊರಿನಲ್ಲಿ ಹೋರಾಟ ಸಮಿತಿಯಾಯಿತು, ಮಾವ ಅದರ ಅಧ್ಯಕ್ಷರಾದರು.

ಡಿ.ಸಿ. ಎಂದರೆ ಮಂಗಳೂರಿನಲ್ಲಿ ಕೂತ ಜಿಲ್ಲಾಧಿಕಾರಿ ಎಂದಷ್ಟೇ ತಿಳಿದಿದ್ದ ನಮ್ಮೂರು ಒಂದೇ ತಿಂಗಳಲ್ಲಿ ವಿದ್ಯುತ್ ಪಂಡಿತರ ಊರಾಯಿತು. ಯಾರೋ ಮೊಬೈಲಿನಲ್ಲಿ ಹುಡುಕಿ, ಕೇರಳದಲ್ಲಿ ಒಂದು ಕಡೆ ಡಿ.ಸಿ. ಕರೆಂಟಿನ ಕೇಬಲನ್ನು ರಸ್ತೆಯ ಬದಿಯಲ್ಲೇ ಹೂತಿದ್ದಾರೆ ಎಂದು ಕಂಡುಹಿಡಿದಿದ್ದರು. ತಂತಿ ಹೊರುವ ಕಬ್ಬಿಣದ ಗೋಪುರವೂ ಇಲ್ಲ, ಮರ ಕಡಿಯುವುದೂ ಇಲ್ಲ. ನಮಗೂ ಅದೇ ಆಗಬೇಕು, ನೆಲದಡಿಯ ಡಿ.ಸಿ. ಆಗಬೇಕು ಎಂಬುದು ಸಮಿತಿಯ ಬೇಡಿಕೆಯಾಯಿತು. ಫ್ರಿಜ್ಜಿನ ಬಾಗಿಲು ತೆರೆಯಲು ಕೂಡ ಹೆದರುತ್ತಿದ್ದ ನನ್ನ ಮಾವ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಪಕ್ಕದವರಿಗೆ ಡಿ.ಸಿ.ಯ ಗುಣಗಾನ ಮಾಡುತ್ತಿದ್ದರು.

ಎ.ಸಿ.ಯನ್ನು ಯಾಕೆ ಹೂಳಬಾರದು ಎಂದು ನಾನು ಸರ್ ಹತ್ತಿರ ಕೇಳಿದೆ. ಅವರು ಅಂಗಡಿಯಲ್ಲಿದ್ದ ಮೆತ್ತನೆಯ ರಬ್ಬರು ಪೈಪೊಂದನ್ನು ನಳ್ಳಿಗೆ ಸಿಕ್ಕಿಸಿ ನೀರು ಬಿಟ್ಟರು. ಮೊದಲು ಪೈಪು ಉಬ್ಬಿತು, ಆಮೇಲೆ ತುದಿಯಲ್ಲಿ ನೀರು ಬಂತು. ಹೂತ ಕೇಬಲ್ಲು ಹೀಗೆಯೇ, ಅದನ್ನು ಮೊದಲು ಉಬ್ಬಿಸಬೇಕು ಎಂದರು. ಡಿ.ಸಿ. ಒಮ್ಮೆ ಉಬ್ಬಿಸಿದರೆ ಮುಗಿಯಿತು. ಎ.ಸಿ.ಯಾದರೆ ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ. ದೂರ ಹೆಚ್ಚಾದಷ್ಟೂ ಉಬ್ಬಿಸುವುದರಲ್ಲಿ, ಕುಗ್ಗಿಸುವುದರಲ್ಲೇ ಶಕ್ತಿಯೆಲ್ಲ ಮುಗಿದು ತುದಿಗೆ ಏನೂ ಉಳಿಯುವುದಿಲ್ಲ. ಗಾಳಿಯಲ್ಲಿ ತೂಗುವ ತಂತಿಗೆ ಈ ಪೀಡೆ ಅಷ್ಟಿಲ್ಲ. ನನಗೆ ಅರ್ಥವಾಯಿತು. ಬದುಕಿನಲ್ಲಿ ಮೊದಲ ಸಲ ಅವರ ಪಾಠ ಒಂದೇ ಸಲಕ್ಕೆ ಅರ್ಥವಾದ ಉತ್ಸಾಹದಲ್ಲಿ, ನಮ್ಮೂರಿನ ಸಭೆಗೆ ಬಂದು ಇದನ್ನೇ ಹೇಳಿ ಸಾರ್ ಎಂದು ಕರೆದೆ. ಇನ್ನೊಂದು ಬದಿಯೂ ಉಂಟು ಎಂದರು. ಅದನ್ನೂ ಹೇಳಿ ಎಂದೆ.

ಸಭೆ ಇದ್ದದ್ದು ಭಜನಾ ಮಂದಿರದಲ್ಲಿ, ಮಧ್ಯಾಹ್ನ ಊಟದ ನಂತರ. ಲೈನಿನ ಕಂಪನಿಯ ಎಂಜಿನಿಯರು ಬರುವಾಗಲೇ ನಾಲ್ಕು ದಾಟಿತ್ತು. ಸ್ವಾಗತ, ಪ್ರಸ್ತಾವನೆ, ಮೈಕಿನ ತಕರಾರು ಎಲ್ಲ ಮುಗಿದು ಸರ್ ಎದ್ದು ನಿಂತಾಗ ಕಿಟಕಿಯ ಬಿಸಿಲು ಗೋಡೆಗೆ ಏರಿತ್ತು. ಅವರು ಪೈಪಿನ ಕತೆ ಹೇಳಿದರು, ಜನ ಚಪ್ಪಾಳೆ ತಟ್ಟಿದರು. ಆಗ ಎಂಜಿನಿಯರು, ನಮ್ಮ ಲೈನು ಅಷ್ಟು ದೂರದ್ದಲ್ಲ, ಇದಕ್ಕೆ ಡಿ.ಸಿ. ಮಾಡುವುದೆಂದರೆ ಎರಡು ತುದಿಗೂ ದೊಡ್ಡ ಸ್ಟೇಷನ್ ಕಟ್ಟಬೇಕು, ಆಗದ ಮಾತು ಎಂದರು. ಅದೂ ನಿಜ ಎಂದರು ಸರ್. ಚಪ್ಪಾಳೆ ತಟ್ಟಿದ ಕೈಗಳು ಮಡಿಲಿಗೆ ಇಳಿದವು.

ಮಾವನಿಗೆ ತಡೆಯಲಾಗಲಿಲ್ಲ. ಎದ್ದು, "ಮಾಸ್ಟ್ರೇ, ನಮಗೆ ಕರೆಂಟಿನ ಶಾಸ್ತ್ರ ಗೊತ್ತಿಲ್ಲ. ನಮ್ಮ ಬನಕ್ಕೆ ಯಾವುದು ಒಳ್ಳೆಯದು, ಅದೊಂದು ಹೇಳಿ" ಎಂದರು.

ಸರ್ ಮೈಕನ್ನು ಬದಿಗಿಟ್ಟು ಮಾವನ ಕಡೆ ತಿರುಗಿದರು.

"ಮೇಲಿನಿಂದ ಹೋದರೆ ನಿಮ್ಮ ಮರ ಹೋಗ್ತದೆ. ಕೆಳಗಿನಿಂದ ಹೋದರೆ ಬನದ ಬುಡದಲ್ಲೇ ಆಳದ ಹೊಂಡ ತೋಡಬೇಕು. ರಸ್ತೆ ಇರುವುದು ಅಲ್ಲಿಯೇ ಅಲ್ಲವಾ? ಮರದ ಮೇಲೆ ಹಕ್ಕಿ ಉಂಟು. ನೆಲದ ಕೆಳಗೆ ಯಾರಿದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ."

ಸಭೆ ತಣ್ಣಗಾಯಿತು. ನಾಗನನ್ನು ಉಳಿಸಲು ನೆಲ ಅಗೆಯಿರಿ ಎಂದು ತಿಂಗಳಿಂದ ಕೂಗುತ್ತಿದ್ದ ನಮಗೆ, ನಾಗ ಇರುವುದೇ ನೆಲದೊಳಗೆ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಮುಂದಿನ ಸಾಲಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. "ಒಂದು ಬದಿ ಆಯ್ತು" ಎಂದರು ಸರ್. ಎಂದವರು ಕಿಟಕಿಯ ಕಡೆ ನೋಡಿದರು. ಗೋಡೆಯ ಬಿಸಿಲು ಹಳದಿಯಾಗಿತ್ತು. ಬೆನ್ನಿನ ಕೊಡೆಯನ್ನು ಮುಟ್ಟಿ ನೋಡಿಕೊಂಡು, ಬರ್ತೇನೆ ಎಂದು ಕೈಮುಗಿದು, ಮೂಡುಬಿದಿರೆಯ ಬಸ್ಸಿಗೆ ಹೋಗಿಯೇಬಿಟ್ಟರು.

ನನಗೆ ಅವರ ಸ್ವಭಾವ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಇನ್ನೂ ಒಂದು ಬದಿ ಉಂಟು, ಕಾಯುವ ಎಂದು ನಾನು ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಸಮಿತಿ ಅಲ್ಲೇ ಎರಡಾಯಿತು. ಅಗೆಯುವುದಕ್ಕಿಂತ ಮೇಲೆಯೇ ವಾಸಿ, ಪ್ರಾಯಶ್ಚಿತ್ತ ಮಾಡಿ ಮರ ಕಡಿಸುವ ಎಂದು ಕೆಲವರು. ಮಾಸ್ಟ್ರನ್ನು ಕಂಪನಿಯವರೇ ಕಳಿಸಿದ್ದು ಎಂದು ಕೆಲವರು. ಅವರ ಅಳಿಯ ಅದೇ ಕಂಪನಿಯಲ್ಲಿದ್ದಾನೆ ಎಂದು ಒಬ್ಬರು ಹೇಳಿದರು. ಸರ್‌ಗೆ ಮಕ್ಕಳೇ ಇರಲಿಲ್ಲ.

ಮರುದಿನವೇ ಮೂಡುಬಿದಿರೆಗೆ ಹೋದೆ. ಸಿಟ್ಟು ಬಂದಿತ್ತು. ಜಗಲಿಯಲ್ಲಿ ಕೂತು ಕೊಡೆಯ ಕಡ್ಡಿಗೆ ಬಟ್ಟೆ ಹೊಲಿಯುತ್ತಿದ್ದರು. ನಮ್ಮನ್ನೆಲ್ಲ ಹೀಗೆ ನಡುನೀರಿನಲ್ಲಿ ಬಿಟ್ಟು ಬಂದದ್ದು ಸರಿಯಾ ಸಾರ್ ಎಂದು ಕೇಳಿದೆ. ನಾನು ಇನ್ನೂ ಮುಗಿಸಿಲ್ಲವಲ್ಲ ಎಂದರು, ಮುಖದಲ್ಲಿ ಆಶ್ಚರ್ಯ. ಹಾಗಾದರೆ ಈಗ ಮುಗಿಸಿ, ನಾನು ಹೋಗಿ ಹೇಳ್ತೇನೆ ಎಂದೆ.

"ಕೇಳಿದ್ದು ನೀನಲ್ಲ, ನಿನ್ನ ಮಾವ. ಅದೂ ಊರಿನ ಎದುರು ಕೇಳಿದ್ದು. ಅವರು ಮೀಟಿಂಗ್ ಕರೆಯಲಿ, ಅಲ್ಲೇ ಬಂದು ಹೇಳ್ತೇನೆ. ಬೇಗ ಶುರು ಮಾಡಲಿ, ಅಷ್ಟೇ."

ಮಾವನಿಗೆ ಹೋಗಿ ಹೇಳಿದೆ. ನೋಡುವ ಎಂದರು. ನಮ್ಮ ಕಡೆ 'ನೋಡುವ' ಎಂಬುದಕ್ಕೆ ಆಗುತ್ತದೆ ಎಂಬ ಅರ್ಥ ಉಂಟು, ಆಗುವುದಿಲ್ಲ ಎಂಬ ಅರ್ಥ ಅದಕ್ಕಿಂತ ಹೆಚ್ಚು ಉಂಟು. ಮಳೆಗಾಲ ಬಂತು, ನೇತ್ರಾವತಿ ಪೇಟೆಗೆ ಏರಿತು, ಅಂಗಡಿಯ ಪಂಪುಗಳನ್ನು ಮಾಳಿಗೆಗೆ ಏರಿಸಿ ಮತ್ತೆ ಇಳಿಸಿದೆವು. ಮಳೆ ಬಿಟ್ಟ ಮೇಲೆ ಕೇಳಿದರೂ ನೋಡುವ. ಚುನಾವಣೆ ಮುಗಿದ ಮೇಲೂ ನೋಡುವ. ಊರು ಒಂದಾಗದೆ ಬನಕ್ಕೆ ಕೈ ಹಾಕಲು ಕಂಪನಿಯವರಿಗೂ ಧೈರ್ಯವಿರಲಿಲ್ಲ, ಲೈನಿನ ಕೆಲಸ ಅಲ್ಲಿಗೇ ನಿಂತಿತ್ತು. ಊರಿನಲ್ಲಿ ಸರ್ ಬಗ್ಗೆ ಕೆಟ್ಟ ಮಾತು ಬಂದಾಗಲೆಲ್ಲ ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿರುತ್ತಿದ್ದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಯಾವ ಬನಕ್ಕಾಗಿ ಊಟ ಬಿಟ್ಟಿದ್ದರೋ ಆ ಬನದ ವಿಷಯವಾಗಿ ಒಂದು ಸಭೆ ಕರೆಯಲು ಈ ಮನುಷ್ಯನಿಗೆ ಏನು ಧಾಡಿ ಎಂದು ನನಗೆ ತಿಳಿಯಲಿಲ್ಲ. ಸರ್ ಆಗಾಗ ಫೋನು ಮಾಡಿ, ಮೀಟಿಂಗ್ ಉಂಟಾ ಎಂದು ಕೇಳುತ್ತಿದ್ದರು. ಇಲ್ಲ ಸಾರ್ ಎನ್ನುವಾಗ ನನಗೆ ನಾಚಿಕೆಯಾಗುತ್ತಿತ್ತು. ಆಯ್ತು ಎಂದು ಇಟ್ಟುಬಿಡುತ್ತಿದ್ದರು.

ಕಡೆಯ ಸಲ ಕಂಡದ್ದು ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ. ತುಂಬ ಸೋತಿದ್ದರು. ಕಾಲೇಜು ಬಿಟ್ಟ ಹೊತ್ತು, ಎಲ್ಲೆಲ್ಲಿಂದಲೋ ಬಂದ ವಿದ್ಯಾರ್ಥಿಗಳು ಅವರನ್ನು ತಳ್ಳಿಕೊಂಡು ಬಸ್ಸು ಹತ್ತುತ್ತಿದ್ದರು. ಅವರು ಮೀಟಿಂಗಿನ ವಿಷಯ ಎತ್ತಲಿಲ್ಲ. "ನಿಮ್ಮ ಬಾಕಿಮಾರಿನಲ್ಲಿ ಈ ಸಲ ಪೈರು ಹೇಗುಂಟು?" ಎಂದು ಕೇಳಿದರು. ಕರೆಂಟಿನ ಮನುಷ್ಯನಿಗೆ ನಮ್ಮ ಗದ್ದೆಯ ಚಿಂತೆ ಯಾಕೆ, ಅದರ ಹೆಸರಾದರೂ ಹೇಗೆ ಗೊತ್ತು ಎಂದು ಯೋಚಿಸುವಷ್ಟರಲ್ಲಿ ನನ್ನ ಬಸ್ಸು ಹೊರಟಿತ್ತು. ಚೆನ್ನಾಗುಂಟು ಸಾರ್ ಎಂದೆ, ಅಷ್ಟೆ. ವಯಸ್ಸಾಯಿತು, ತಲೆ ಎಲ್ಲೆಲ್ಲಿಗೋ ಹೋಗುತ್ತದೆ ಎಂದುಕೊಂಡೆ.

ಸರ್ ತೀರಿಕೊಂಡ ದಿನ ಅಂಗಡಿ ಮುಚ್ಚಿ ವ್ಯಾನಿನಲ್ಲಿ ಹೊರಡುವಾಗ ಸುಮ್ಮನೆ ತಿಳಿಸುವ ಎಂದು ಮಾವನಿಗೆ ಫೋನು ಮಾಡಿದೆ. ನಾನೂ ಬರ್ತೇನೆ, ದಾರಿಯಲ್ಲಿ ಹತ್ತಿಸಿಕೊ ಎಂದರು. ನನಗೆ ನಂಬಿಕೆಯಾಗಲಿಲ್ಲ. ಸಿದ್ಧಕಟ್ಟೆಯಲ್ಲಿ ಬಿಳಿ ಪಂಚೆ ಉಟ್ಟು ರಸ್ತೆಯ ಬದಿಯಲ್ಲಿ ನಿಂತಿದ್ದರು. ಮೂಡುಬಿದಿರೆಯ ಮನೆಯಲ್ಲಿ ಸರ್‌ನ ಕಾಲಬುಡದಲ್ಲಿ ತುಂಬ ಹೊತ್ತು ಕೈಕಟ್ಟಿ ನಿಂತರು. ಬಾಗಿಲ ಹಿಂದಿನ ಮೊಳೆಯಲ್ಲಿ ಕೊಡೆ ನೇತಾಡುತ್ತಿತ್ತು. ಅದನ್ನು ಕಂಡಾಗ ನನಗೆ ಅಳು ಬಂತು. ಮರೆತು ಹೋಗುತ್ತದೆ ಎಂದು ಬೆನ್ನಿಂದ ಇಳಿಸದವರು, ಕಡೆಗೂ ಬಿಟ್ಟು ಹೋದರಲ್ಲ ಎನಿಸಿತು. ಸರ್‌ನ ಹೆಂಡತಿ ಮಾವನನ್ನು ನೋಡಿ, ಬಂದಿರಾ ಎಂದು ಪರಿಚಯದವರನ್ನು ಕೇಳುವ ಹಾಗೆ ಕೇಳಿದರು. ಮಾವ ಹೆಸರು ಹೇಳಿಕೊಂಡಿರಲಿಲ್ಲ.

ವಾಪಸು ಸಿದ್ಧಕಟ್ಟೆಗೆ ಬಂದೆವು. ಮಾವ ಮನೆಯ ಹತ್ತಿರ ಇಳಿದು, ಒಳಗೆ ಹೋಗದೆ, ಬಾ ಎಂದು ನನ್ನನ್ನು ಬಾಕಿಮಾರಿಗೆ ಕರೆದುಕೊಂಡು ಹೋದರು. ಸಂಜೆಯ ಬಿಸಿಲು ಇನ್ನೂ ಇತ್ತು, ಪೈರು ಮೊಳಕಾಲಿಗೆ ಬರುತ್ತಿತ್ತು. ನಮ್ಮ ಮಾತೆಲ್ಲ ತುಳುವಿನಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಂದು ಕಾಲು ಇಲ್ಲಿ" ಎಂದು ಗದ್ದೆಯ ಅಂಚಿನ ಮಣ್ಣಿನ ಹುಣಿಯ ಪಕ್ಕ ತೋರಿಸಿದರು. "ಒಂದು ಆ ಮೂಲೆಯಲ್ಲಿ. ಇನ್ನೆರಡು ಅಲ್ಲಿ, ನೀರಿನ ಕಂಡಿಯ ಆಚೆ ಈಚೆ."

ಏನು ಕಾಲು ಎಂದು ಕೇಳಿದೆ. ಲೈನಿನ ಗೋಪುರದ್ದು ಎಂದರು. ಸಭೆಯಾಗಿ ಒಂದು ವಾರಕ್ಕೆ ಸರ್ ಬೆಳಗಿನ ಮೊದಲ ಬಸ್ಸಿಗೆ ಒಬ್ಬರೇ ಬಂದಿದ್ದರಂತೆ. ಬನದ ಎದುರು ಚಪ್ಪಲಿ ಕಳಚಿ ಸ್ವಲ್ಪ ಹೊತ್ತು ಮರಗಳ ತುದಿ ನೋಡಿದರಂತೆ. ಬಸದಿಯ ಹೊರಗೆ ಚಪ್ಪಲಿ ಕಾಯುವವರು ಇಲ್ಲಿ ಕಳಚಿದ್ದು ನಾಗನಿಗೋ, ಮಾವನಿಗೋ, ಬರಿಯ ಕೆಸರಿಗೋ, ನನಗೆ ಈಗಲೂ ಅರ್ಥವಾಗಿಲ್ಲ. ಸಿಟ್ಟಿದ್ದರೂ ಮಾವ ಬಂದವರಿಗೆಂದು ನೀರು, ಬೆಲ್ಲ ಇಟ್ಟರು. ಸರ್ ನೀರು ಕುಡಿದು, ಪ್ಯಾಂಟು ಮಡಚಿ, ಗದ್ದೆಗೆ ಇಳಿದರು.

ಎ.ಸಿ.ಯೋ ಡಿ.ಸಿ.ಯೋ ಎಂಬುದು ನಿಮ್ಮ ಪ್ರಶ್ನೆಯೇ ಅಲ್ಲ ಎಂದರಂತೆ. ಈ ದೂರಕ್ಕೆ ಡಿ.ಸಿ. ಬರುವುದಿಲ್ಲ, ಆ ಆಸೆ ಬಿಡಿ. ಬರುವುದು ಎ.ಸಿ., ಬರುವುದು ಮೇಲಿನಿಂದಲೇ. ಮೇಲಿನಿಂದ ಹೋಗುವುದಾದರೆ ಇನ್ನೂ ಮೇಲಿನಿಂದ ಹೋಗಲಿ ಎಂದು ಹಟ ಹಿಡಿಯಿರಿ. ಗೋಪುರದ ಎತ್ತರ ಏರಿಸಿದರೆ ತಂತಿ ರೆಂಜೆಯ ತುದಿಗೂ ಎಷ್ಟೋ ಮೇಲೆ ಹೋಗುತ್ತದೆ, ಒಂದು ಎಲೆ ಕಡಿಯಬೇಕಾಗಿಲ್ಲ, ಒಂದು ಹಿಡಿ ಮಣ್ಣು ಬನದ ಬುಡದಲ್ಲಿ ತೆಗೆಯಬೇಕಾಗಿಲ್ಲ. ಇದು ಸಭೆಯಲ್ಲಿ ಹೇಳದೆ ಉಳಿದ ಬದಿ. ಆದರೆ ಎತ್ತರ ಏರಿದಷ್ಟೂ ಗೋಪುರದ ಕಾಲು ಅಗಲವಾಗುತ್ತದೆ. ಆ ಕಡೆ ಶಾಲೆ, ಈ ಕಡೆ ಮನೆಗಳು. ಅಷ್ಟು ಅಗಲದ ಕಾಲಿಗೆ ಜಾಗ ಇರುವುದು ಈ ಗದ್ದೆಯಲ್ಲಿ ಮಾತ್ರ.

"ಸಭೆ ಕರೆಯಿರಿ, ಎಲ್ಲರೆದುರು ಹೇಳ್ತೇನೆ, ಅಂದರು. ಆದರೆ ಗದ್ದೆ ನಿಮ್ಮದು, ನಿಮಗೆ ಹೇಳದೆ ಊರಿಗೆ ಹೇಳಬಾರದು ಅಂತ ಮೊದಲು ಬಂದೆ, ಅಂದರು. ನೀವು ಕರೆದ ದಿನ ಬರ್ತೇನೆ, ಕರೆಯದಿದ್ದರೆ ಯಾರಿಗೂ ಹೇಳುವುದಿಲ್ಲ, ಅಂದರು."

ಮಾವ ಹುಣಿಯ ಮೇಲೆ ಕೂತುಬಿಟ್ಟರು. ಸಭೆ ಕರೆದಿದ್ದರೆ ಗದ್ದೆ ಹೋಗುತ್ತಿತ್ತು, ಕರೆಯದಿದ್ದರೆ ಬನ ಹೋಗುತ್ತದೆ. ಹಿರಿಯರು ಕೊಟ್ಟದ್ದು ಎರಡೂ. ನಾಳೆ ನೋಡುವ, ನಾಳೆ ನೋಡುವ ಎಂದು ಎರಡು ವರ್ಷ ದೂಡಿದೆ, ನಡುವೆ ಒಮ್ಮೆ ಮೂಡುಬಿದಿರೆಯ ಅವರ ಮನೆ ತನಕ ಹೋಗಿ, ಅವರ ಹೆಂಡತಿ ಕೊಟ್ಟ ನೀರು ಕುಡಿದು ಹಾಗೆಯೇ ಬಂದೆ ಎಂದರು. ಅಷ್ಟೂ ದಿನ ಊರಿನವರು ಮಾಸ್ಟ್ರನ್ನು ಮಾರಿಕೊಂಡವರು ಎಂದು ಬೈಯುವಾಗ ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ, ಒಂದು ಮಾತು ಅಲ್ಲ ಎನ್ನಲಿಲ್ಲ ಎಂದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಾಗಿತ್ತು. ಬಂತೋ ಇಲ್ಲವೋ ತಿಳಿಯಲಿಲ್ಲ. ಎದುರಿಗೆ ಆ ಪೈರು ಅಷ್ಟು ಹಸುರಾಗಿತ್ತು. ಫೋನಿನಲ್ಲಿ ಆಯ್ತು ಎಂದು ಇಟ್ಟುಬಿಡುತ್ತಿದ್ದ ಸರ್‌ಗೆ ಎಲ್ಲವೂ ಗೊತ್ತಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಅವರು ಗದ್ದೆಯ ಬಗ್ಗೆ ಕೇಳಿದ್ದು ಅದಕ್ಕೇ ಎಂಬುದು ಆಗ ಹೊಳೆಯಿತು.

ಸ್ವಲ್ಪ ಹೊತ್ತಾದ ಮೇಲೆ ಮಾವ ಮುಖ ಒರೆಸಿಕೊಂಡು, ಬರುವ ಭಾನುವಾರ ಸಭೆ ಕರೆಯುವ, ಕಂಪನಿಯವರನ್ನೂ ಕರೆಯುವ, ಬೆಳಿಗ್ಗೆಯೇ ಶುರು ಮಾಡುವ ಎಂದರು. ಹೇಳುವವರು ಯಾರು ಎಂದು ಕೇಳಿದೆ.

"ನಾನೇ. ಈ ಪೈರು ಕೊಯ್ದ ಮೇಲೆ ಗದ್ದೆ ತೆಗೆದುಕೊಳ್ಳಲಿ. ಮಾಸ್ಟ್ರು ಹೀಗೆ ಹೇಳಿದ್ದರು, ನಾನು ಮುಚ್ಚಿಟ್ಟೆ ಅಂತಲೂ ಹೇಳ್ತೇನೆ. ಕರೆಂಟಿನದ್ದು ಮಾತ್ರ ನೀನು ಹೇಳು, ನನಗೆ ತಲೆ ಬುಡ ಗೊತ್ತಾಗುವುದಿಲ್ಲ. ಬರುವುದು ಎ.ಸಿ. ಅಲ್ಲವಾ? ಅದು ಯಾವುದು, ನೀನು ಹೇಳ್ತಿದ್ದ ಗರಗಸದ್ದಾ, ತೋಡಿನದ್ದಾ?"

"ಗರಗಸದ್ದು. ಹೋಗ್ತದೆ, ಬರ್ತದೆ" ಎಂದೆ.

ಮಾವ ಬನದ ಆಚೆಗೆ ರಸ್ತೆಯ ಕಡೆ ನೋಡಿದರು. ಮೂಡುಬಿದಿರೆಯ ಬಸ್ಸೊಂದು ಹಾರ್ನ್ ಹಾಕುತ್ತಾ ಹಾದು ಹೋಯಿತು.

"ಅವತ್ತು ಈ ಗದ್ದೆಯಿಂದ ಅವರು ಬಸ್ಸಿಗೆ ಹೊರಟಾಗ ನಾನು ಹೋಗಿ ಬನ್ನಿ ಅಂತ ಕೂಡ ಹೇಳಲಿಲ್ಲ ಮಾರಾಯ" ಎಂದರು.